ಕಲಬುರಗಿ ತೊಗರಿ, ಏಷ್ಯಾದ ಮಾರುಕಟ್ಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ ಗಂಜಿನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಟೆಂಡರ್ ಆಗುವ ತೊಗರಿಯ ಬೆಲೆಯಲ್ಲಿ ಚೆನ್ನೈ ಬಂದರಿಗೆ ಬಂದ ಹಡಗಿನ ಪಾಲೂ ಇರುತ್ತದೆ, ದೆಹಲಿಯಿಂದ ಹೊರಟ ಒಂದು ಪುಟದ ಆದೇಶದ ಪಾಲೂ ಇರುತ್ತದೆ. ಹೊಲದಲ್ಲಿ ನಿಂತವರಿಗೆ ಎರಡೂ ಕಾಣುವುದಿಲ್ಲ. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ತೊಗರಿ ಬೆಳೆಗಾರರು, ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರು, ಸಣ್ಣ ದಾಲ್ ಮಿಲ್ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಪ್ರಶ್ನೆಗಳನ್ನು ಕೇಳುವವರ ಮಾತಿನಲ್ಲೇ ಇಟ್ಟಿದ್ದೇವೆ.

ತೊಗರಿ ಬೆಳೆಯೋದು ನಮ್ಮ ಹೊಲದಾಗ. ಏಷ್ಯಾದ ಒಪ್ಪಂದಕ್ಕೂ ಅದಕ್ಕೂ ಏನ್ ಸಂಬಂಧ?

ಜಗತ್ತಿನಲ್ಲಿ ಅತಿ ಹೆಚ್ಚು ತೊಗರಿ ಬೆಳೆಯುವುದೂ ಭಾರತವೇ, ತಿನ್ನುವುದೂ ಭಾರತವೇ. ಈಚಿನ ವರ್ಷಗಳಲ್ಲಿ ದೇಶದ ಬೆಳೆ 34 ಲಕ್ಷ ಟನ್ನಿನ ಆಸುಪಾಸಿನಲ್ಲಿದೆ. ತಿನ್ನುವುದಕ್ಕೆ ಅಷ್ಟು ಸಾಲದು. ಕೊರತೆ ತುಂಬುವ ಕಾಳು ಏಷ್ಯಾದಲ್ಲಿ ಮ್ಯಾನ್ಮಾರ್‌ನಿಂದ ಬರುತ್ತದೆ. ಅದನ್ನೇ ನಮ್ಮವರು ಈಗಲೂ ಬರ್ಮಾ ತೊಗರಿ ಎನ್ನುವುದು. ವ್ಯಾಪಾರದಲ್ಲಿ ಅದರ ಹೆಸರು ‘ಲೆಮನ್’. ಹಿಂದೂ ಮಹಾಸಾಗರದ ಆಚೆ ದಂಡೆಯ ಮೊಜಾಂಬಿಕ್, ಮಲಾವಿ, ತಾಂಜಾನಿಯಾಗಳಿಂದಲೂ ಬರುತ್ತದೆ. 2023–24ರಲ್ಲಿ ಸುಮಾರು 7.7 ಲಕ್ಷ ಟನ್ ಆಮದಾಗಿತ್ತು, 2024–25ರಲ್ಲಿ ಸುಮಾರು 12 ಲಕ್ಷ ಟನ್.

ಚೆನ್ನೈ ದರವನ್ನು ಗಂಜಿನ ದರಕ್ಕೆ ಹೋಲಿಸುವ ಲೆಕ್ಕ ಸುಲಭ. ಆಮದು ತೊಗರಿಯ ದರವನ್ನು ಟನ್ನಿಗೆ ಇಷ್ಟು ಡಾಲರ್ ಎಂದು ಹೇಳುತ್ತಾರೆ. ಅದನ್ನು ಡಾಲರಿನ ರೂಪಾಯಿ ಬೆಲೆಯಿಂದ ಗುಣಿಸಿ 10ರಿಂದ ಭಾಗಿಸಿದರೆ ಕ್ವಿಂಟಲ್ ದರ ಸಿಗುತ್ತದೆ. ಲೆಕ್ಕಕ್ಕಾಗಿ ದರ 850 ಡಾಲರ್, ಡಾಲರಿಗೆ 88 ರೂಪಾಯಿ ಎಂದು ಹಿಡಿಯಿರಿ: 74,800 ರೂಪಾಯಿ ಟನ್ನಿಗೆ, 7,480 ಕ್ವಿಂಟಲಿಗೆ. ಇದರ ಮೇಲೆ ಬಂದರಿನ ಖರ್ಚು, ಹಮಾಲಿ, ಲಾರಿ ಬಾಡಿಗೆ ಕೂಡಿಸಿ. ಕಲಬುರಗಿಯ ಮಿಲ್ ಬಾಗಿಲಿಗೆ ಬರ್ಮಾ ಕಾಳು ಎಷ್ಟಕ್ಕೆ ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. ಖರೀದಿದಾರ ಟೆಂಡರ್ ಹಾಕುವ ಮೊದಲು ಮನಸ್ಸಿನಲ್ಲಿ ಮಾಡುವುದು ಇದೇ ಲೆಕ್ಕ. ರೈತನಿಗೂ ಅದು ಗೊತ್ತಿರಲಿ.

ಒಪ್ಪಂದದಾಗ ಖರೇನೇ ಏನ್ ಬರದಾರ?

2021ರಲ್ಲಿ ಭಾರತ ಮತ್ತು ಮ್ಯಾನ್ಮಾರ್ ಸರ್ಕಾರಗಳ ನಡುವೆ ಆದ ತಿಳಿವಳಿಕೆ ಪತ್ರದ (ಎಂಒಯು) ಪ್ರಕಾರ, 2021–22ರಿಂದ 2025–26ರ ತನಕ ಪ್ರತಿ ವರ್ಷ 1 ಲಕ್ಷ ಟನ್ ತೊಗರಿ ಮತ್ತು 2.5 ಲಕ್ಷ ಟನ್ ಉದ್ದನ್ನು ಖಾಸಗಿ ವ್ಯಾಪಾರಿಗಳು ಅಲ್ಲಿಂದ ತರಬಹುದಿತ್ತು. ಇದೇ ಅವಧಿಗೆ ಮಲಾವಿಗೆ ವರ್ಷಕ್ಕೆ 50,000 ಟನ್, ಮೊಜಾಂಬಿಕ್‌ಗೆ 2 ಲಕ್ಷ ಟನ್ ತೊಗರಿಯ ಮಾತು ಕೊಡಲಾಯಿತು. ಮೊಜಾಂಬಿಕ್ ಜೊತೆಗಿನ ಮೊದಲ ಪತ್ರ 2016ರದು.

ಇಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಬೆರೆತು ಗೊಂದಲವಾಗುತ್ತದೆ. ತಿಳಿವಳಿಕೆ ಪತ್ರ ಹೇಳುವುದು ಪ್ರಮಾಣ. ಆಮದು ‘ಮುಕ್ತ’ವೋ ‘ನಿರ್ಬಂಧಿತ’ವೋ ಎಂದು ನಿರ್ಧರಿಸುವುದು ಡಿಜಿಎಫ್‌ಟಿ, ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ಸುಂಕ ಎಷ್ಟು ಎಂಬುದು ಹಣಕಾಸು ಸಚಿವಾಲಯದ ಅಧಿಸೂಚನೆ. 2017ರ ಆಗಸ್ಟ್‌ನಲ್ಲಿ ತೊಗರಿ ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿ ಮಿತಿ ಇಟ್ಟರು. 2021ರ ಮೇ ತಿಂಗಳಲ್ಲಿ ಮತ್ತೆ ಮುಕ್ತ ಮಾಡಿದರು. 2023ರ ಮಾರ್ಚ್‌ನಲ್ಲಿ ಉಳಿದಿದ್ದ ಶೇ. 10ರ ಸುಂಕವನ್ನೂ ತೆಗೆದರು. ಆಮದು ಮುಕ್ತವಾಗಿರುವಷ್ಟು ಕಾಲ ತಿಳಿವಳಿಕೆ ಪತ್ರದ 1 ಲಕ್ಷ ಟನ್ ಎಂಬುದು ಮೇಲ್ಮಿತಿಯಾಗಿ ಉಳಿಯುವುದಿಲ್ಲ, ಅದಕ್ಕಿಂತ ಎಷ್ಟು ಬೇಕಾದರೂ ಬರಬಹುದು. ಬಾಗಿಲು ಮುಚ್ಚಿದಾಗ ಮಾತ್ರ ಆ ಪತ್ರಕ್ಕೆ ಬೆಲೆ: ಆಗಲೂ ಅಷ್ಟು ಕಾಳು ಒಳಗೆ ಬರುತ್ತದೆ ಎಂಬ ಖಾತರಿ ಅದು.

ಸುಂಕ ಇದ್ದಾಗಲೂ ಎಲ್ಲರಿಗೂ ಒಂದೇ ಇರುವುದಿಲ್ಲ. ಅತಿ ಹಿಂದುಳಿದ ದೇಶಗಳಿಗೆ ಭಾರತ 2008ರಿಂದ ಸುಂಕ ರಿಯಾಯಿತಿ ಕೊಡುತ್ತಿದೆ. ಮ್ಯಾನ್ಮಾರ್, ಮೊಜಾಂಬಿಕ್, ಮಲಾವಿ, ತಾಂಜಾನಿಯಾ ನಾಲ್ಕೂ ಆ ಪಟ್ಟಿಯಲ್ಲಿವೆ. ‘ಸುಂಕ ಏರಿಸಿದರೆ ಆಮದು ನಿಲ್ಲುತ್ತದೆ’ ಎಂದು ಭಾಷಣದಲ್ಲಿ ಕೇಳಿದಾಗ ಇದನ್ನು ನೆನಪಿಡಿ. ತೊಗರಿಯ ಮಟ್ಟಿಗೆ ಸುಂಕಕ್ಕಿಂತ ಪ್ರಮಾಣದ ಮಿತಿಯೇ ಗಟ್ಟಿ ಹತೋಟಿ.

ಸಾರ್ಕ್, ಬಿಮ್‌ಸ್ಟೆಕ್, ಆಸಿಯಾನ್ ಅಂತ ಹೇಳ್ತಾರ. ನಮಗ ಯಾವುದು ಬೇಕಾಗ್ತದ?

ದಕ್ಷಿಣ ಏಷ್ಯಾದ ದೇಶಗಳ ಕೂಟವಾದ ಸಾರ್ಕ್ 1985ರಲ್ಲಿ ಢಾಕಾದಲ್ಲಿ ಹುಟ್ಟಿತು. ಅದರ ಮುಕ್ತ ವ್ಯಾಪಾರ ಒಪ್ಪಂದ ಸಾಫ್ಟಾ 2006ರಲ್ಲಿ ಜಾರಿಯಾಯಿತು. ಮ್ಯಾನ್ಮಾರ್ ಸಾರ್ಕ್ ಸದಸ್ಯ ದೇಶವಲ್ಲ, ಹಾಗಾಗಿ ತೊಗರಿಗೆ ಇದರಿಂದ ದೊಡ್ಡ ಪರಿಣಾಮವಿಲ್ಲ. ಬಂಗಾಳ ಕೊಲ್ಲಿಯ ಸುತ್ತಲಿನ ದೇಶಗಳ ಕೂಟವಾದ ಬಿಮ್‌ಸ್ಟೆಕ್ 1997ರದು, ಮ್ಯಾನ್ಮಾರ್ ಇದರಲ್ಲಿದೆ. ಆದರೆ ಬಿಮ್‌ಸ್ಟೆಕ್‌ನ ಮುಕ್ತ ವ್ಯಾಪಾರ ಇನ್ನೂ ಮಾತುಕತೆಯ ಹಂತ ದಾಟಿಲ್ಲ. ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್ ಜೊತೆ ಭಾರತದ ಸರಕು ವ್ಯಾಪಾರ ಒಪ್ಪಂದ 2010ರ ಜನವರಿ 1ರಿಂದ ಜಾರಿಯಲ್ಲಿದೆ, ಮ್ಯಾನ್ಮಾರ್ ಅದರೊಳಗಿದೆ. 15 ದೇಶಗಳ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಭಾರತ 2019ರ ನವೆಂಬರ್‌ನಲ್ಲಿ ಹೊರಬಂತು. ತೊಗರಿ ಬೆಳೆಗಾರರು ಇಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ಎರಡು ದೇಶಗಳ ನೇರ ತಿಳಿವಳಿಕೆ ಪತ್ರ ಮತ್ತು ಡಿಜಿಎಫ್‌ಟಿ ಆದೇಶ, ಈ ಎರಡರ ಮೇಲೆ ಕಣ್ಣಿಟ್ಟರೆ ಸಾಕು.

ಹಂಗಾದ್ರ ಆಮದು ಪೂರಾ ಬಂದ್ ಮಾಡ್ಸಿದ್ರ ಚೊಲೋ ಅಲ್ಲೇನ್ರಿ?

ಸಿಟ್ಟು ಅರ್ಥವಾಗುತ್ತದೆ. ಆದರೆ 2015ರಿಂದ 2017ರವರೆಗೆ ಆದದ್ದನ್ನು ಒಮ್ಮೆ ಸಾಲಾಗಿ ನೋಡಿ.

2015–16ರಲ್ಲಿ ಮಳೆ ಕೈಕೊಟ್ಟು ದೇಶದ ತೊಗರಿ ಬೆಳೆ 25.6 ಲಕ್ಷ ಟನ್ನಿಗೆ ನಿಂತಿತು. ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿತು. ಆ ಬೆಲೆಯ ಬಿಸಿಯಲ್ಲಿ, 2016ರಲ್ಲಿ, ಮೊಜಾಂಬಿಕ್‌ಗೆ ಹಲವು ವರ್ಷಗಳ ಖರೀದಿಯ ಮಾತು ಕೊಟ್ಟರು. ನಮ್ಮ ರೈತರೂ ಅದೇ ಬೆಲೆ ನೋಡಿ ತೊಗರಿ ಬಿತ್ತಿದರು, ಮಳೆಯೂ ಚೆನ್ನಾಗಿ ಬಂತು. 2016–17ರ ಬೆಳೆ 48.7 ಲಕ್ಷ ಟನ್! ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಬೋನಸ್ ಸೇರಿ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಮಾರುಕಟ್ಟೆ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತಿತು. ಸುಗ್ಗಿ ಮುಗಿದು ತಿಂಗಳುಗಳಾದ ಮೇಲೆ, ಆಗಸ್ಟ್‌ನಲ್ಲಿ, ಆಮದಿಗೆ ಮಿತಿ ಬಂತು. ಅಷ್ಟರೊಳಗೆ ನಮ್ಮ ರೈತರ ಕಾಳು ಮಾರಾಟವಾಗಿ ಹೋಗಿತ್ತು. ಆ ಮಿತಿಯ ಏಟು ಬಿದ್ದದ್ದು ಭಾರತದ ಮಾತು ನಂಬಿ ತೊಗರಿ ಬಿತ್ತಿದ್ದ ಮೊಜಾಂಬಿಕ್ ಮತ್ತು ಮ್ಯಾನ್ಮಾರ್‌ನ ಸಣ್ಣ ರೈತರ ಮೇಲೆ. ಅಲ್ಲಿಯೂ ಬೆಲೆ ಕುಸಿಯಿತು.

ಎರಡೂ ಕಡೆಯ ರೈತ ಸೋತ ಈ ವ್ಯವಹಾರವನ್ನು ಸಹಕಾರ ಎನ್ನಲಾಗದು. ಬೆಲೆ ಏರಿದಾಗ ಬಾಗಿಲು ತೆರೆಯುವುದು, ಬಿದ್ದು ಹೋದ ಮೇಲೆ ಮುಚ್ಚುವುದು, ಎರಡೂ ತಡವಾಗುತ್ತವೆ. ತೊಗರಿ ಆರು ತಿಂಗಳ ಬೆಳೆ. ಜೂನ್‌ನಲ್ಲಿ ಬಿತ್ತುವವನಿಗೆ ಮುಂದಿನ ಜನವರಿಯ ಆಮದು ನೀತಿ ಆಗಲೇ ಗೊತ್ತಿರಬೇಕು. ನಮ್ಮ ಅಭಿಪ್ರಾಯದಲ್ಲಿ ಕೇಳಬೇಕಾದ ಬೇಡಿಕೆ ‘ಬಂದ್’ ಎಂಬುದಲ್ಲ. ಮುಂಗಾರಿಗೆ ಮೊದಲೇ ವರ್ಷದ ಆಮದು ಪ್ರಮಾಣ ಪ್ರಕಟವಾಗಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ನಮ್ಮ ಸುಗ್ಗಿಯಲ್ಲಿ ಹಡಗುಗಳು ಒಟ್ಟಿಗೆ ಬಂದಿಳಿಯಬಾರದು. ಮಾರುಕಟ್ಟೆ ಬೆಂಬಲ ಬೆಲೆಗಿಂತ ಕೆಳಗಿಳಿದರೆ ತಾನಾಗಿ ಮಿತಿ ಜಾರಿಯಾಗಬೇಕು. ಈ ಮೂರನ್ನು ಗ್ರಾಮಸಭೆಯ ಠರಾವಿನಲ್ಲೂ ಬರೆಯಬಹುದು, ಸಂಸದರಿಗೆ ಕೊಡುವ ಮನವಿಯಲ್ಲೂ ಬರೆಯಬಹುದು.

ಬರ್ಮಾದ ರೈತ ನಮಗ ವೈರಿ ಏನ್ರಿ?

ಅಲ್ಲ. ಮ್ಯಾನ್ಮಾರ್‌ನಲ್ಲಿ ತೊಗರಿ ಬೆಳೆಯುವುದು ನಡುನಾಡಿನ ಒಣಪ್ರದೇಶದಲ್ಲಿ, ಸಗೈಂಗ್, ಮಂಡಲೆ, ಮಗ್ವೆ ಎಂಬ ಪ್ರಾಂತ್ಯಗಳಲ್ಲಿ. ಆಳಂದ, ಅಫಜಲಪುರದ ಕಡೆಯಂತೆಯೇ ಮಳೆ ನೆಚ್ಚಿದ ಸಣ್ಣ ಹಿಡುವಳಿಗಳು. ಅಲ್ಲಿಯವರು ತೊಗರಿ ತಿನ್ನುವುದು ಕಡಿಮೆ, ಬೆಳೆಯುವುದೇ ನಮಗಾಗಿ. ಹಾಗಾಗಿ ದೆಹಲಿಯ ಒಂದು ಆದೇಶ ಬದಲಾದರೆ ಅವರಿಗೆ ಬೇರೆ ಗಿರಾಕಿ ಇಲ್ಲ. 2021ರ ಫೆಬ್ರವರಿಯ ಸೇನಾ ದಂಗೆಯ ನಂತರ ಅಲ್ಲಿ ಹಣ ಪಾವತಿಯೇ ಕಷ್ಟವಾಯಿತು. 2024ರ ಜನವರಿಯಿಂದ ಬೇಳೆಕಾಳಿಗೆ ಡಾಲರ್ ಬದಲು ನೇರವಾಗಿ ರೂಪಾಯಿಯಲ್ಲಿ ಹಣ ಕೊಡುವ ದಾರಿಯೂ ತೆರೆಯಿತು.

ಇನ್ನೊಂದು ನಂಟೂ ಇದೆ. ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಪಟಾನ್‌ಚೆರು ಸಿಗುತ್ತದೆ. ಅಲ್ಲಿ 1972ರಲ್ಲಿ ಶುರುವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ತೊಗರಿಯ ತಳಿಗಳನ್ನು ಏಷ್ಯಾ, ಆಫ್ರಿಕಾದ ದೇಶಗಳಿಗೆಲ್ಲ ಹಂಚಿದೆ. ನಮ್ಮಲ್ಲಿ ವರ್ಷಗಟ್ಟಲೆ ಓಡಿದ ‘ಮಾರುತಿ’ ತಳಿ, ಅಂದರೆ ಐಸಿಪಿ 8863, ಅಲ್ಲಿಯದೇ ಆಯ್ಕೆ. ಬೀಜದ ವಿಷಯದಲ್ಲಿ ಸಹಕಾರ ಇಷ್ಟು ಚೆನ್ನಾಗಿ ನಡೆಯುವುದಾದರೆ ಬೆಲೆಯ ವಿಷಯದಲ್ಲಿ ಯಾಕೆ ಆಗಬಾರದು?

ರಾಶಿ ಮಾಡಿದ ಮ್ಯಾಲೆ ಎಷ್ಟ್ ದಿನ ಇಟ್ಕೋಬೇಕು? ಯಾವಾಗ ಮಾರಬೇಕು?

ಮೊದಲು ಪಂಚಾಂಗ. ನಮ್ಮ ರಾಶಿ (ಒಕ್ಕಣೆ) ಡಿಸೆಂಬರ್ ಕೊನೆಯಿಂದ ಫೆಬ್ರವರಿ. ಬರ್ಮಾದ ಸುಗ್ಗಿ ಜನವರಿ ನಂತರ, ಕಾಳು ಹಡಗು ಹತ್ತುವುದು ಹೆಚ್ಚಾಗಿ ಫೆಬ್ರವರಿಯಿಂದ. ಪೂರ್ವ ಆಫ್ರಿಕಾದ ಕಾಳು ಸೆಪ್ಟೆಂಬರ್‌ನಿಂದ ವರ್ಷದ ಕೊನೆಯ ತನಕ, ನಮ್ಮ ಹೊಸ ಕಾಳು ಬರುವುದಕ್ಕೆ ಸ್ವಲ್ಪ ಮೊದಲು. ಹಾಗಾಗಿ ಆವಕ ಎಲ್ಲ ಕಡೆಯಿಂದಲೂ ತೆಳುವಾಗಿರುವುದು ಬೇಸಿಗೆಯ ಕೊನೆಯಿಂದ ಮಳೆಗಾಲದ ನಡುವಿನವರೆಗೆ. ಆಗ ಬೆಲೆ ಏರಲೇಬೇಕು ಎಂದೇನಿಲ್ಲ. ಸರ್ಕಾರ ದಾಸ್ತಾನು ಮಿತಿ ಹಾಕಿದರೆ ಏರಿಕೆ ಅಲ್ಲಿಗೇ ನಿಲ್ಲುತ್ತದೆ. 2023ರ ಜೂನ್‌ನಲ್ಲಿ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದು ಮಿತಿ ಬಂದಾಗ ಮಿಲ್‌ನವರು ಖರೀದಿಯಲ್ಲಿ ಕೈ ಬಿಗಿ ಹಿಡಿದರು. ಎಲ್ಲ ಕಾಳನ್ನೂ ಒಂದೇ ದಿನ ಮಾರುವುದು ಹೇಗೆ ತಪ್ಪೋ ಎಲ್ಲವನ್ನೂ ಇಟ್ಟುಕೊಂಡು ಕೂರುವುದೂ ಹಾಗೆಯೇ. ಸಾಲ ತೀರಿಸುವಷ್ಟು ಸುಗ್ಗಿಯಲ್ಲಿ, ಉಳಿದದ್ದು ಎರಡು ಮೂರು ಕಂತಿನಲ್ಲಿ ಮಾರುವುದು ಒಳ್ಳೆಯದು.

ಇಡುವುದಾದರೆ ತೇವ ನೋಡಲೇಬೇಕು. ಖರೀದಿ ಕೇಂದ್ರಕ್ಕೆ ಶೇ. 12 ಸಾಕು, ಆರು ತಿಂಗಳು ಇಡಲು ಶೇ. 10ಕ್ಕಿಂತ ಕೆಳಗೆ ಬರಬೇಕು. ಮೀಟರ್ ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ ಮಾಡಿ. ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಕಾಳು ಹಾಕಿ, ಚೆನ್ನಾಗಿ ಒಣಗಿಸಿದ ಉಪ್ಪು ಎರಡು ಚಮಚ ಸೇರಿಸಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚಿದೆ, ಮತ್ತೆ ಬಿಸಿಲಿಗೆ ಹರವಿ. ಅಂಟದಿದ್ದರೆ ಹಲ್ಲಿನಿಂದ ಕಡಿದು ನೋಡಿ: ಟಕ್ ಎಂದು ಎರಡಾಗಬೇಕು, ಮೆತ್ತಗೆ ತಗ್ಗಬಾರದು.

ತೊಗರಿಗೆ ಕಂಟಕ ಕಾಳು ಕೊರೆಯುವ ಹುಳ. ಅದು ಬರುವುದು ಗೋದಾಮಿನಿಂದಷ್ಟೇ ಅಲ್ಲ, ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಚೀಲದಲ್ಲಿ ಕಾಳಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ಮೊಟ್ಟೆ. ಗುಂಡಗಿನ ತೂತು ಕಂಡರೆ ಹುಳ ಆಗಲೇ ಹೊರಬಿದ್ದಿದೆ. ಒಳಗೆ ಎರಡು ಪ್ಲಾಸ್ಟಿಕ್ ಪದರ, ಹೊರಗೊಂದು ಚೀಲ ಇರುವ ಗಾಳಿಯಾಡದ ಚೀಲಗಳಲ್ಲಿ ಪ್ರತಿ ಪದರವನ್ನೂ ಬೇರೆ ಬೇರೆಯಾಗಿ ತಿರುಚಿ ಕಟ್ಟಿದರೆ ಒಳಗಿನ ಉಸಿರು ತೀರಿ ಹುಳ ಸಾಯುತ್ತದೆ. ಪದೇ ಪದೇ ಬಿಚ್ಚಿದರೆ ಕೆಲಸ ಕೆಡುತ್ತದೆ. ಮಲಗುವ ಮನೆಯಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಮಾತ್ರ ಖಂಡಿತ ಇಡಬೇಡಿ. ಅದರ ಗಾಳಿ ಮನುಷ್ಯರನ್ನೇ ಕೊಲ್ಲುತ್ತದೆ.

ಹಣ ಬೇಕು, ಮಾರಲು ಮನಸ್ಸಿಲ್ಲ ಎಂದರೆ ನೋಂದಾಯಿತ ಗೋದಾಮಿನಲ್ಲಿ ಇಟ್ಟು ವಿದ್ಯುನ್ಮಾನ ರಸೀದಿ ಪಡೆದು ಅದರ ಮೇಲೆ ಬ್ಯಾಂಕಿನಲ್ಲಿ ಅಡಮಾನ ಸಾಲ ತೆಗೆಯಬಹುದು. ಬಾಡಿಗೆ, ವಿಮೆ, ಬಡ್ಡಿ ಮೂರನ್ನೂ ಕೂಡಿಸಿ, ಬೆಲೆ ಎಷ್ಟು ಏರಿದರೆ ಇದು ಲಾಭ ಎಂದು ಮೊದಲೇ ಲೆಕ್ಕ ಹಾಕಿ.

ಬೆಂಬಲ ಬೆಲೆ ಕೇಂದ್ರದಾಗ ಯಾಕ್ ವಾಪಸ್ ಕಳಸ್ತಾರ?

2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅದಕ್ಕೂ ಹಿಂದಿನ ವರ್ಷ ಕೇಂದ್ರದ 7,550ಕ್ಕೆ ರಾಜ್ಯ ಸರ್ಕಾರ 450 ಸೇರಿಸಿ 8,000 ಮಾಡಿತ್ತು. ಎಕರೆಗೆ 4 ಕ್ವಿಂಟಲ್, ಒಬ್ಬ ರೈತನಿಂದ ಹೆಚ್ಚೆಂದರೆ 40 ಕ್ವಿಂಟಲ್ ಎಂಬುದು ಇಲ್ಲಿ ಬಳಕೆಯಲ್ಲಿರುವ ಮಿತಿ. ಆಯಾ ವರ್ಷದ ಆದೇಶದಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.

ವಾಪಸ್ ಕಳಿಸುವುದಕ್ಕೆ ಕಾರಣ ಹೆಚ್ಚಾಗಿ ಕಾಳಿನಲ್ಲಿರುವುದಿಲ್ಲ, ಕಾಗದದಲ್ಲಿರುತ್ತದೆ. ರೈತರ ನೋಂದಣಿಗಾಗಿ ಸರ್ಕಾರ ನಡೆಸುವ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರ ಗುರುತಿನ ಸಂಖ್ಯೆ ಇರುತ್ತದೆ, ಆದರೆ ಅದಕ್ಕೆ ಎಲ್ಲ ಸರ್ವೆ ನಂಬರ್ ಸೇರಿಸಿರುವುದಿಲ್ಲ. ಹಾಗಾಗಿ ಹತ್ತು ಎಕರೆಯವನಿಗೆ ಮೂರು ಎಕರೆ ಎಂದು ತೋರಿಸುತ್ತದೆ. ಬೆಳೆ ಸಮೀಕ್ಷೆಯಲ್ಲಿ ಹೆಸರುಕಾಳು ಅಥವಾ ಹತ್ತಿ ಎಂದು ನಮೂದಾಗಿರುತ್ತದೆ. ತೊಗರಿಯನ್ನು ಅಕ್ಕಡಿಯಾಗಿ, ಅಂದರೆ ಬೇರೆ ಬೆಳೆಯ ಸಾಲುಗಳ ನಡುವೆ, ಹಾಕಿದವರಿಗೆ ಈ ತೊಂದರೆ ಹೆಚ್ಚು, ಯಾಕೆಂದರೆ ಸಮೀಕ್ಷೆ ಮಾಡಿದವರು ಮೊದಲ ಬೆಳೆಯನ್ನಷ್ಟೇ ಬರೆದಿರುತ್ತಾರೆ. ಇದನ್ನು ಜನವರಿಯಲ್ಲಿ ನೋಡಿದರೆ ತಡವಾಯಿತು. ಸಮೀಕ್ಷೆಯ ಆಕ್ಷೇಪಣೆ ಅವಧಿಯಲ್ಲೇ ಮೊಬೈಲ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ಫೋಟೊ ಸಮೇತ ನೋಡಿ, ತಪ್ಪಿದ್ದರೆ ಕೂಡಲೇ ಅರ್ಜಿ ಕೊಡಿ. ಮೂರನೆಯದು ಬ್ಯಾಂಕ್ ಖಾತೆ. ಪಾಸ್‌ಬುಕ್ ಯಾವುದು ಕೊಟ್ಟರೂ ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಎಂದೋ ತೆರೆದು ಮರೆತ ಖಾತೆಗೆ ಹಣ ಹೋಗಿ ತಿಂಗಳುಗಟ್ಟಲೆ ಹುಡುಕುವುದು ಇದೇ ಕಾರಣಕ್ಕೆ.

ಕಾಳಿನ ಕಡೆ ನೋಡಿದರೆ ತೇವ ಶೇ. 12, ಕಲ್ಲು ಮಣ್ಣು ಕಡ್ಡಿ ಶೇ. 2 ದಾಟಬಾರದು. ಹೊಲದಲ್ಲಿ ಯಂತ್ರದಿಂದ ರಾಶಿ ಮಾಡಿ ನೇರ ಚೀಲ ತುಂಬಿದ ಕಾಳನ್ನು ಮಣ್ಣುಂಡೆಯ ಕಾರಣಕ್ಕೇ ತಿರಸ್ಕರಿಸುತ್ತಾರೆ. ಎರಡು ಜರಡಿ ಹಿಡಿಯಿರಿ, ಮೇಲಿನದು ಕಡ್ಡಿ ತಡೆಯಲು, ಕೆಳಗಿನದು ಮಣ್ಣು ಮತ್ತು ಜೊಳ್ಳು ಬೀಳಿಸಲು.

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬೇಳೆಕಾಳು ಸ್ವಾವಲಂಬನೆ ಯೋಜನೆಯಲ್ಲಿ ತೊಗರಿ, ಉದ್ದು, ಮಸೂರ ಮೂರಕ್ಕೂ, ಮೊದಲೇ ನೋಂದಾಯಿಸಿದ ರೈತರು ತಂದಷ್ಟನ್ನೂ ನಾಲ್ಕು ವರ್ಷ ನಾಫೆಡ್ ಮತ್ತು ಎನ್‌ಸಿಸಿಎಫ್ ಎಂಬ ಸಹಕಾರಿ ಖರೀದಿ ಸಂಸ್ಥೆಗಳು ಕೊಳ್ಳುತ್ತವೆ ಎಂದಿದೆ. ‘ಮೊದಲೇ ನೋಂದಾಯಿಸಿದ’ ಎಂಬ ಮಾತನ್ನು ಗಮನಿಸಿ.

ಲಾವಣಿ ಹಿಡಿದವ್ರು, ಕೂಲಿ ಹೆಣ್ಮಕ್ಕಳು ಇದ್ರಾಗ ಎಲ್ಲಿ ಬರ್ತಾರ?

ಬರುವುದೇ ಇಲ್ಲ ಎಂಬಷ್ಟು ಹಿಂದೆ ಬರುತ್ತಾರೆ. ಈ ಪುಟದಲ್ಲಿ ನಮಗೆ ಅತ್ಯಂತ ನೋವಿನ ಪ್ರಶ್ನೆ ಇದೇ. ಪಹಣಿ ಯಾರ ಹೆಸರಿನಲ್ಲಿದೆಯೋ ರೈತರ ಗುರುತಿನ ಸಂಖ್ಯೆ ಅವರ ಹೆಸರಿನಲ್ಲಿ. ಬೆಂಬಲ ಬೆಲೆ, ವಿಮೆ, ಪರಿಹಾರ ಎಲ್ಲವೂ ಅವರ ಖಾತೆಗೆ. ಲಾವಣಿ ಕೊಟ್ಟು, ಅಂದರೆ ಹೊಲವನ್ನು ಗುತ್ತಿಗೆಗೆ ಹಿಡಿದು, ಬಿತ್ತಿದವನು ಮಾಲೀಕನ ಹೆಸರಿನಲ್ಲಿ ಕಾಳು ಹಾಕಿ, ಹಣಕ್ಕಾಗಿ ಅವರ ಮನೆ ಬಾಗಿಲಿಗೆ ಹೋಗಬೇಕು. ಇಲ್ಲವೇ ಗಂಜಿನಲ್ಲಿ ಸಿಕ್ಕ ಬೆಲೆಗೆ ಮಾರಬೇಕು. ಕಳೆ ತೆಗೆದು, ಕುಡಿ ಚಿವುಟಿ, ಕೊಯ್ದು, ಮಿಲ್‌ನಲ್ಲಿ ಬೇಳೆ ಆರಿಸುವ ತನಕ ದುಡಿಯುವ ಹೆಣ್ಣುಮಕ್ಕಳ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. ಆ ಹಿಂದುಳಿಯುವಿಕೆಯ ಭಾರ ಮೊದಲು ಬೀಳುವುದು ಇವರ ಹೆಗಲ ಮೇಲೆ.

ಇಂದೇ ಮಾಡಬಹುದಾದದ್ದು ಕೆಲವಿದೆ. ಕಂಪನಿ ಕಾಯ್ದೆಯ ಪ್ರಕಾರ ರೈತ ಉತ್ಪಾದಕ ಕಂಪನಿಯ ಸದಸ್ಯರಾಗಲು ‘ಉತ್ಪಾದಕ’ರಾಗಿದ್ದರೆ ಸಾಕು, ಪಹಣಿ ಇರಲೇಬೇಕು ಎಂದಿಲ್ಲ. ನಿಮ್ಮ ಕಂಪನಿಯ ನಿಯಮಾವಳಿಯಲ್ಲಿ ಪಹಣಿ ಕಡ್ಡಾಯ ಎಂದು ಬರೆದಿದ್ದರೆ ತಿದ್ದುಪಡಿ ಮಾಡಿ. ಆಗ ಲಾವಣಿದಾರರು, ಹೆಣ್ಣುಮಕ್ಕಳು ತಮ್ಮ ಹೆಸರಿನಲ್ಲೇ ಕಾಳು ಹಾಕಿ ತಮ್ಮ ಖಾತೆಗೆ ಹಣ ಪಡೆಯಬಹುದು. ಲಾವಣಿ ಕರಾರನ್ನು ಬಾಯಿಮಾತಿನಲ್ಲಿ ಬಿಡದೆ, ಪರಿಹಾರ ಬಂದರೆ ಯಾರಿಗೆ ಎಷ್ಟು ಎಂಬುದನ್ನೂ ಸೇರಿಸಿ ಬರೆಯಿಸಿಕೊಳ್ಳಿ.

ನಾವೇ ಹೊರದೇಶಕ್ಕ ಬೇಳೆ ಕಳಸಬಹುದೇನು?

ಕಳಿಸಬಹುದು. 2017ರ ನವೆಂಬರ್‌ನಿಂದ ಎಲ್ಲ ಬೇಳೆಕಾಳುಗಳ ರಫ್ತಿಗೂ ಬಾಗಿಲು ತೆರೆದಿದೆ. ಆದರೆ ಮೊದಲು ಪ್ರಮಾಣ ನೋಡಿ. 20 ಅಡಿ ಕಂಟೇನರಿಗೆ ಸುಮಾರು 24 ಟನ್ ಬೇಳೆ ಹಿಡಿಯುತ್ತದೆ, ಅಂದರೆ 50 ಕೆಜಿಯ 480 ಚೀಲ. ಮಿಲ್‌ನಲ್ಲಿ 100 ಕೆಜಿ ತೊಗರಿಗೆ 68ರಿಂದ 75 ಕೆಜಿ ಬೇಳೆ ಬರುತ್ತದೆ, ಉಳಿದದ್ದು ನುಚ್ಚು, ಹೊಟ್ಟು, ಪುಡಿ. ಶೇ. 70 ಎಂದು ಹಿಡಿದರೆ ಒಂದು ಕಂಟೇನರಿಗೆ ಸುಮಾರು 340 ಕ್ವಿಂಟಲ್ ತೊಗರಿ ಬೇಕು. ಎಕರೆಗೆ 4 ಕ್ವಿಂಟಲ್ ಬಂದರೆ 85 ಎಕರೆಯ ಬೆಳೆ, ಅದೂ ಒಂದೇ ತಳಿ, ಒಂದೇ ಗಾತ್ರ. ಒಬ್ಬರ ಕೈಲಾಗುವ ಕೆಲಸವಲ್ಲ, ಇಪ್ಪತ್ತು ಮನೆ ಕೂಡಿದರೆ ಆಗುವ ಕೆಲಸ.

ಕಾಗದಗಳು ಹೀಗೆ: ಡಿಜಿಎಫ್‌ಟಿಯಿಂದ ಆಮದು–ರಫ್ತು ಸಂಕೇತ ಸಂಖ್ಯೆ (ಶುಲ್ಕ 500 ರೂಪಾಯಿ), ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾದ ನೋಂದಣಿ, ರಫ್ತಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಕೇಂದ್ರ ಪರವಾನಗಿ, ಬ್ಯಾಂಕಿನ ಸಂಕೇತವನ್ನು ಬಂದರಿನ ಕಸ್ಟಮ್ಸ್‌ನಲ್ಲಿ ನೋಂದಾಯಿಸುವುದು. ಪ್ರತಿ ರವಾನೆಗೆ ಧೂಮೀಕರಣ ಪತ್ರ, ಸಸ್ಯ ಸ್ವಾಸ್ಥ್ಯ ಪ್ರಮಾಣಪತ್ರ, ಮೂಲ ಪ್ರಮಾಣಪತ್ರ. ಸಂಯುಕ್ತ ಅರಬ್ ಎಮಿರೇಟ್ಸ್ ಜೊತೆಗಿನ ಒಪ್ಪಂದ 2022ರ ಮೇ 1ರಿಂದ, ಶ್ರೀಲಂಕಾ ಜೊತೆಗಿನದು 2000ದಿಂದ, ಸಿಂಗಾಪುರದ್ದು 2005ರಿಂದ ಜಾರಿಯಲ್ಲಿವೆ. ರಿಯಾಯಿತಿ ಬೇಕಿದ್ದರೆ ಆಯಾ ಒಪ್ಪಂದದ ನಮೂನೆಯಲ್ಲೇ ಮೂಲ ಪ್ರಮಾಣಪತ್ರ ಬೇಕು. ಸರಕನ್ನು ಸೊಲ್ಲಾಪುರದ ಮೇಲೆ ಮುಂಬೈಯ ನ್ಹಾವಾ ಶೇವಾ ಬಂದರಿಗೆ, ಇಲ್ಲವೇ ಹೈದರಾಬಾದಿನ ಸನತ್‌ನಗರ ಕಂಟೇನರ್ ಡಿಪೊಗೆ ಒಯ್ಯಬಹುದು.

ಕೆಡುವುದು ಎಲ್ಲಿ? ಮೊದಲನೆಯದು ಔಷಧದ ಉಳಿಕೆ. ಕಾಯಿಕೊರಕಕ್ಕೆ ಕೊನೆಯ ಸಿಂಪಡಣೆ ಮಾಡಿ, ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಯದೆ ಕೊಯ್ದರೆ ಕಾಳಿನಲ್ಲಿ ಔಷಧ ಉಳಿಯುತ್ತದೆ. ಪ್ರತ್ಯೇಕ ಮಿತಿ ಗೊತ್ತುಮಾಡದ ಔಷಧಕ್ಕೆ ಜಪಾನ್ ಒಪ್ಪುವುದು ಕೆಜಿಗೆ 0.01 ಮಿಲಿಗ್ರಾಂ ಮಾತ್ರ. 85 ಎಕರೆಯಲ್ಲಿ ಇಬ್ಬರು ತಪ್ಪಿದರೂ ಇಡೀ ಕಂಟೇನರ್ ವಾಪಸ್. ಸಿಂಪಡಣೆಯ ದಿನ, ಔಷಧದ ಹೆಸರು, ಪ್ರಮಾಣ ಬರೆಯುವ ಪುಸ್ತಕ ಪ್ರತಿ ಸದಸ್ಯರ ಮನೆಯಲ್ಲೂ ಇರಲಿ. ಎರಡನೆಯದು, ಸಿಪ್ಪೆ ಬಿಡಿಸಲು ಹಚ್ಚುವ ಎಣ್ಣೆ. ಯಾವ ಎಣ್ಣೆ, ಎಷ್ಟು ಎಂದು ಖರೀದಿದಾರರ ಜೊತೆ ಮೊದಲೇ ಬರಹದಲ್ಲಿ ಒಪ್ಪಿಕೊಳ್ಳಿ. ಮೂರನೆಯದು ಮೂಲ: ಬರ್ಮಾ ಕಾಳನ್ನು ಕಲಬುರಗಿಯ ಮಿಲ್‌ನಲ್ಲಿ ಒಡೆದು ಭಾರತದ ಬೇಳೆ ಎಂದು ರಿಯಾಯಿತಿ ಕೇಳುವಂತಿಲ್ಲ. ಇಡೀ ಕಾಳಿರಲಿ, ಸಿಪ್ಪೆ ತೆಗೆದು ಒಡೆದದ್ದಿರಲಿ, ಸುಂಕದ ಪಟ್ಟಿಯಲ್ಲಿ ಎರಡೂ 0713 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ಒಡೆದ ಮಾತ್ರಕ್ಕೆ ಹುಟ್ಟಿದ ಊರು ಬದಲಾಗದು.

ಜಿಐ ಟ್ಯಾಗ್ ಸಿಕ್ಕದಲ್ಲ, ರೇಟ್ ಯಾಕ್ ಏರಿಲ್ಲ?

ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಭೀಮಾ ಸೀಮೆಯ ಸುಣ್ಣಗಲ್ಲಿನ ಮೇಲಿನ ಎರೆಮಣ್ಣಿನ ಗುಣ, ಬೇಳೆಯ ರುಚಿ, ಬೇಗ ಬೇಯುವುದು ಇದರ ಹಿಂದಿನ ಬಲ. ಆದರೆ ಆ ಗುರುತು ಹೆಸರನ್ನು ಕಾಪಾಡುತ್ತದೆಯೇ ಹೊರತು ಗಿರಾಕಿಯನ್ನು ತರುವುದಿಲ್ಲ. ಗಂಜಿನಲ್ಲಿ ಸಡಿಲವಾಗಿ ಸುರಿದ ಕಾಳಿಗೆ ಗುರುತಿನ ಬೆಲೆ ಸಿಗದು. ಬೆಳೆಗಾರ ಅಥವಾ ಕಂಪನಿ ಚೆನ್ನೈನ ಜಿಐ ನೋಂದಣಿ ಕಚೇರಿಗೆ ಜಿಐ–3ಎ ನಮೂನೆಯಲ್ಲಿ ಅರ್ಜಿ ಕೊಟ್ಟು ‘ಅಧಿಕೃತ ಬಳಕೆದಾರ’ ಆಗಬೇಕು. 2020ರಲ್ಲಿ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದಾರೆ. ನಂತರ ಪೊಟ್ಟಣದ ಮೇಲೆ ಚಿಹ್ನೆ, ಯಾವ ಹಳ್ಳಿ, ಯಾವ ವರ್ಷದ ಬೆಳೆ ಎಂಬುದನ್ನು ಮುದ್ರಿಸಿ ಮಾರಬೇಕು. ಬೇರೆ ಕಡೆಯ ಬೇಳೆಯನ್ನು ಅದೇ ಚೀಲಕ್ಕೆ ಬೆರೆಸುವುದು ಕಾನೂನಿನಲ್ಲೂ ಅಪರಾಧ, ಈ ಸೀಮೆಯ ಪ್ರತಿ ಬೆಳೆಗಾರನಿಗೂ ದ್ರೋಹ.

ಏಷ್ಯಾದ ದೊಡ್ಡ ಬ್ಯಾಂಕಿನ ಸಾಲ ನಮಗ ಸಿಗ್ತದೇನು?

ನೇರವಾಗಿ ಇಲ್ಲ. ಮನಿಲಾದ ಏಷ್ಯನ್ ಅಭಿವೃದ್ಧಿ ಬ್ಯಾಂಕ್ (1966) ಮತ್ತು ಬೀಜಿಂಗಿನ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕ್, ಅಂದರೆ ಎಐಐಬಿ (2016), ರಸ್ತೆ, ನೀರು, ವಿದ್ಯುತ್ತಿನಂಥ ದೊಡ್ಡ ಯೋಜನೆಗಳಿಗೆ ಸಾಲ ಕೊಡುತ್ತವೆ. ಅವರ ಹಣದ ಯೋಜನೆಗೆ ನಿಮ್ಮ ಭೂಮಿ ಹೋಗುತ್ತಿದ್ದರೆ, ಪರಿಸರ ಮತ್ತು ಪುನರ್ವಸತಿ ವರದಿ ಕೇಳಿ ಪಡೆಯಿರಿ. ಎರಡೂ ಬ್ಯಾಂಕುಗಳಲ್ಲಿ ಬಾಧಿತರು ನೇರವಾಗಿ ದೂರು ಕೊಡುವ ವ್ಯವಸ್ಥೆ ಇದೆ.

ವರ್ಷಾ ತೊಗರಿ ಮ್ಯಾಲೆ ತೊಗರಿ ಹಾಕಿದ್ರ ಏನಾಗ್ತದ?

ನೆಟೆರೋಗ ಮನೆ ಮಾಡುತ್ತದೆ. ಅದರ ಶಿಲೀಂಧ್ರ ಬೆಳೆಯ ಕೂಳೆಯಲ್ಲಿ, ಮಣ್ಣಿನಲ್ಲಿ ಮೂರು ವರ್ಷದವರೆಗೂ ಬದುಕಿರುತ್ತದೆ. ಹೂ, ಕಾಯಿ ಕಟ್ಟುವ ಹೊತ್ತಿಗೆ ನಿಂತ ಗಿಡ ಬಾಡಿದ್ದು ಕಂಡರೆ ಕಾಂಡದ ಸಿಪ್ಪೆ ಸುಲಿದು ನೋಡಿ: ಬುಡದಿಂದ ಮೇಲಕ್ಕೆ ಕಂದು ಅಥವಾ ಕಪ್ಪು ಗೆರೆ ಎದ್ದಿದ್ದರೆ ನೆಟೆಯೇ. ಆಗ ಸಿಂಪಡಿಸುವ ಯಾವ ಔಷಧವೂ ಆ ಗಿಡವನ್ನು ಉಳಿಸುವುದಿಲ್ಲ, ಅಂಗಡಿಯವರ ಮಾತಿಗೆ ದುಡ್ಡು ಸುರಿಯಬೇಡಿ. ಕೆಲಸ ಬಿತ್ತನೆಗೆ ಮೊದಲೇ ಆಗಬೇಕು. ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ರೋಗ ಕಂಡ ಹೊಲದಲ್ಲಿ ಮೂರು ವರ್ಷ ಜೋಳ ಅಥವಾ ಸಜ್ಜೆ ಹಾಕಿ, ತೊಗರಿ ಹಾಕುವಾಗಲೂ ಜೋಳದ ಅಕ್ಕಡಿ ಇರಲಿ. ಟಿಎಸ್–3ಆರ್, ಜಿಆರ್‌ಜಿ–811ರಂಥ ತಳಿಗಳು ನಮ್ಮ ಭಾಗಕ್ಕೆಂದೇ ಬಂದವು.

ಎಲೆ ಸಣ್ಣಗೆ ತಿಳಿಹಸಿರಾಗಿ, ಗಿಡ ಪೊದೆಯಂತೆ ಬೆಳೆದು ಹೂವನ್ನೇ ಬಿಡದಿದ್ದರೆ ಅದು ಗೊಡ್ಡುರೋಗ. ಇದನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಅಂಥ ಗಿಡವನ್ನು ಕಂಡ ದಿನವೇ ಕಿತ್ತು ಸುಡಿ. ಪಕ್ಕದ ಹೊಲದವರಿಗೂ ಹೇಳಿ, ಯಾಕೆಂದರೆ ಗಾಳಿಯಲ್ಲಿ ಹೋಗುವ ನುಸಿಗೆ ಬದು ಅಡ್ಡವಾಗುವುದಿಲ್ಲ.

ಇಷ್ಟೆಲ್ಲ ಆದೇಶ ಯಾರು ನೋಡ್ಕೋತ ಕೂಡ್ತಾರ?

ಕಂಪನಿಯ ಒಬ್ಬರಿಗೆ ಈ ಕೆಲಸ ವಹಿಸಿ, ಕಾಲೇಜು ಓದಿದ ಹುಡುಗಿಯೋ ಹುಡುಗನೋ ಸಾಕು. ವಾರಕ್ಕೊಮ್ಮೆ ನೋಡಬೇಕಾದ್ದು: ಡಿಜಿಎಫ್‌ಟಿ ಅಧಿಸೂಚನೆ, ಕಸ್ಟಮ್ಸ್ ಸುಂಕದ ಅಧಿಸೂಚನೆ, ಗ್ರಾಹಕ ವ್ಯವಹಾರ ಇಲಾಖೆಯ ದಾಸ್ತಾನು ಆದೇಶ, ಚೆನ್ನೈಯ ಲೆಮನ್ ದರ, ನಮ್ಮ ಗಂಜಿನ ಆವಕ. ಹಳದಿ ಬಟಾಣಿಯನ್ನೂ ಬಿಡಬೇಡಿ. 2023ರ ಡಿಸೆಂಬರ್‌ನಿಂದ 2025ರ ಅಕ್ಟೋಬರ್‌ವರೆಗೆ ಅದು ಸುಂಕವಿಲ್ಲದೆ ಬಂತು, ಅಗ್ಗದ ಬಟಾಣಿ ಬೇಳೆ ಕಡಲೆಯ ಜೊತೆಗೆ ತೊಗರಿಯ ಬೆಲೆಯನ್ನೂ ಎಳೆಯಿತು. ಆ ವರ್ಷದ ನವೆಂಬರ್ 1ರಿಂದ ಅದರ ಮೇಲೆ ಶೇ. 30 ಸುಂಕ ಬಿತ್ತು. ಈ ಐದಾರು ಅಂಕಿಗಳನ್ನು ದಿನಾಂಕ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಸೊಸೈಟಿಯ ಕರಿಹಲಗೆಯ ಮೇಲೆ ಪ್ರತಿ ಸೋಮವಾರ ಹಾಕಿ.